ಹೊಳೆಗೆ ಬಂದ ನೆಂಟರು

ಮರಳಹುಡ್ಯ,
ಚಿಕ್ಕಬಳ್ಳಾಪುರ ತಾಲ್ಲೂಕು
12 ಜೂನ್ 2025

ಮಗಳು ಹರಿತಾಳಿಗೆ ಅಮ್ಮನ ಆಶೀರ್ವಾದ.

"ಸಮಿತಿ ವಿಷ್ಯ ಏನಿದ್ರೂ ಬರೆದು ಕಳ್ಸಮ್ಮ, ಫೋನಲ್ಲಿ ಬೇಡ. ಅಮ್ಮ ಮಗಳು ಸೇರ್ಕೊಂಡು ಏನೋ ಮಾಡ್ತಾವ್ರೆ ಅಂತ ಆಡ್ಕೋತಾರೆ" ಎಂದು ನೀನು ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತು ಆ ಫೋನನ್ನೇ ನೋಡುತ್ತ ಕುಳಿತಿದ್ದೆ. ಹೆತ್ತ ಮಗಳಿಗೆ ಅರ್ಜಿ ಬರೆಯುವ ಕಾಲ ಬಂತಲ್ಲ! ಆಗಲಿ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಇದಕ್ಕಾದರೂ ಬಂತು.

ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ನೀನು ಕೆಲಸ ಮಾಡುವ ಸಮಿತಿಯಿಂದ ಕಳುಹಿಸಿದ ಕಾಗದ ಸೇರಿತು. ಓದಿದೆ, ತಿರುಗಿ ಓದಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಊರಿನವರು ಕೂಡಿ ಕೆರೆ, ಕಾಲುವೆ, ಹೊಳೆಗಳನ್ನು ನೋಡಿಕೊಳ್ಳುತ್ತಾರೆ, ಖರ್ಚನ್ನು ಹಂಚಿಕೊಳ್ಳುತ್ತಾರೆ. ಇಲ್ಲಿಯವರೆಗೆ ತಿಳಿಯಿತು. ಆಮೇಲೆ, ತಿಂಗಳಿಗೊಂದು ದಿನ ಗೌರಿಬಿದನೂರಿನ ಹೆಂಗಸರು ಇಲ್ಲಿಗೆ ಬಂದು ನಮ್ಮ ಹೊಳೆಯ ಕಸ ತೆಗೆಯಬೇಕು, ನಾವು ಅಲ್ಲಿಗೆ ಹೋಗಿ ಅವರ ಹೊಳೆಯದನ್ನು ತೆಗೆಯಬೇಕು ಎಂದಿದೆ. ಇದ್ಯಾವ ಸೀಮೆ ಲೆಕ್ಕ ಮಗಳೇ? ನಮ್ಮ ಅಂಗಳವನ್ನು ಪಕ್ಕದ ಮನೆಯವರು ಬಂದು ಗುಡಿಸುತ್ತಾರಾ? ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಸುಮ್ಮನೆ ಹೇಳಿದರಾ?

ನಿಮ್ಮಪ್ಪನನ್ನು ಕೇಳಿದೆ. "ಮಗಳು ಓದ್ದೋಳು, ಏನೋ ಇರ್ತದೆ ಬಿಡು" ಎಂದು ಟ್ರ್ಯಾಕ್ಟರ್ ಕೆಳಗೆ ತೂರಿಕೊಂಡರು. ಏನಾದರೂ ತಿಳಿಯದಿದ್ದರೆ ಅವರು ಹೋಗುವುದು ಅಲ್ಲಿಗೇ.

ಕವರ್ ಹೇಗೂ ಒಂದೇ, ಮನೆ ವಿಷಯವನ್ನೂ ಸೇರಿಸುತ್ತೇನೆ. ದ್ರಾಕ್ಷಿ ಚಪ್ಪರಕ್ಕೆ ಹೊಸ ತಂತಿ ಹಾಕಿಸಿದೆವು. ಕೆಂಪು ಹಸು ಕರು ಹಾಕಿದೆ. ಅಳಿಯಂದಿರು ಏನಾದರೂ ಫೋನ್ ಮಾಡಿದ್ದರಾ?

ಹೆತ್ತವಳೂ ಈಗಿನ ಅರ್ಜಿದಾರಳೂ ಆದ
ಆದಿಲಕ್ಷ್ಮಮ್ಮ


ಗೌರಿಬಿದನೂರು
20 ಜೂನ್ 2025

ಅಮ್ಮ,

ಲೆಕ್ಕ ಸುಲಭ. ಇಷ್ಟು ವರ್ಷ ಪ್ರತಿ ಊರೂ ತನ್ನ ಮುಂದಿನ ಕಸವನ್ನು ಸೇತುವೆಯಾಚೆ ತಳ್ಳಿ "ನಮ್ಮದು ಕ್ಲೀನ್" ಎನ್ನುತ್ತಿತ್ತು. ಮೇಲಿನವರು ಎಸೆದದ್ದು ಕೆಳಗಿನವರಿಗೆ. ಕೆಳಗಿನವರು ಎಸೆದದ್ದು ಆಂಧ್ರಕ್ಕೆ. ಈಗ ನೀವು ಗೌರಿಬಿದನೂರಿಗೆ ಬಂದು ನಿಮ್ಮೂರಿನಿಂದ ಏನೇನು ತೇಲಿ ಬಂದಿದೆ ಎಂದು ಕಣ್ಣಾರೆ ನೋಡಿ, ಕೈಯಾರೆ ಎತ್ತುತ್ತೀರಿ. ಇಲ್ಲಿಯವರು ಅಲ್ಲಿಗೆ ಬಂದು ಎಲ್ಲಿಂದ ಶುರುವಾಗುತ್ತದೆ ಎಂದು ನೋಡುತ್ತಾರೆ. ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಹೀಗೇ ಜೋಡಿ ಮಾಡಿದ್ದೇವೆ. ಬಂದವರು ಎಷ್ಟು ಕಸ ತೆಗೆದರು ಎಂದು ನಮ್ಮ ಇಂಜಿನಿಯರ್ ಅಳೆದು ಬರೆದುಕೊಳ್ಳುತ್ತಾರೆ. ಅಷ್ಟೇ.

ಇದು ನಾನು ಹೇಳಿದ ಉಪಾಯ, ಅಮ್ಮ. ಸಭೆಯಲ್ಲಿ ಎದ್ದು ನಿಂತು ಹೇಳಿದ್ದೆ. ಅಕ್ಟೋಬರಿನಲ್ಲಿ ಚಿಂತಾಮಣಿಯಲ್ಲಿ ನಾಲ್ಕೂ ಊರಿನವರು ಕೂತು, ಇದರಿಂದ ಉಪಯೋಗ ಆಯಿತೇ ಎಂದು ತೀರ್ಮಾನ ಮಾಡುತ್ತಾರೆ. ಆಯಿತು ಎಂದರೆ ನನ್ನ ಕೆಲಸ ಮುಂದುವರಿಯುತ್ತದೆ, ಈ ಬಾಡಿಗೆ ಮನೆ ಉಳಿಯುತ್ತದೆ. ಇಲ್ಲವೆಂದರೆ ಎರಡೂ ಇಲ್ಲ. "ಕೆಲ್ಸ ಹೋದ್ರೆ ಸುನೀಲನ ಮನೆಗೇ ಹೋಗ್ಬೇಕು, ಇನ್ನೆಲ್ಲಿಗೆ ಹೋಗ್ತೀಯ" ಎಂದು ನೀನು ಹೇಳಿದ್ದು ನನಗೆ ಮರೆತಿಲ್ಲ.

ಅವನು ಫೋನ್ ಮಾಡಿಲ್ಲ. ಮಾಡುವುದೂ ಬೇಡ. ಆ ಮನೆಯಲ್ಲಿ ಏನಾಯಿತು ಎಂದು ನಿನಗೆ ಒಮ್ಮೆ ಹೇಳಿದ್ದೇನೆ. ಇನ್ನೊಮ್ಮೆ ಹೇಳಲಾರೆ.

ಕರುವಿಗೆ ಏನು ಹೆಸರಿಟ್ಟಿರಿ?

ಹರಿತಾ


ಮರಳಹುಡ್ಯ
9 ಜುಲೈ 2025

ಹರಿತಮ್ಮಾ,

ನಿನ್ನ ನೆಂಟರು ಬಂದು ಹೋದರು! ಹದಿನೈದು ಜನ ಟೆಂಪೋದಲ್ಲಿ ಬಂದಿಳಿದರು. ಅವರಿಗೆಲ್ಲ ದೊಡ್ಡವಳು ವಜೀರುನ್ನೀಸಾ ಎಂದು, ಬಟ್ಟೆ ಅಂಗಡಿಯವರ ಮನೆಯವಳು, ಮಾತಿನಲ್ಲಿ ಬಹಳ ಮರ್ಯಾದೆ. ಎಲ್ಲರೂ ಕೈಗೆ ಗವಸು, ಕಾಲಿಗೆ ಬೂಟು ಹಾಕಿಕೊಂಡು ಹೊಳೆಗೆ ಇಳಿದರು. ಇಳಿದು ಏನು ಮಾಡುವುದು? ಮರಳು ಹಾಸಿದ ಹಾಗಿತ್ತು, ಒಂದು ಬೀಡಿ ತುಂಡೂ ಇರಲಿಲ್ಲ. ಪಾಪ, ಅತ್ತ ನಡೆದರು, ಇತ್ತ ನಡೆದರು. ಒಬ್ಬಳು ಎಲ್ಲೋ ಹುಡುಕಿ ಒಂದು ಹಳೆ ಚಪ್ಪಲಿ ತಂದಳು, ಎಲ್ಲರೂ ಅದನ್ನೇ ನೋಡಿದರು. ಇಂಜಿನಿಯರ್ ತಲೆ ಕೆರೆದುಕೊಂಡು ಸೊನ್ನೆ ಬರೆದುಕೊಂಡ.

ಆಮೇಲೆ ಊಟಕ್ಕೆ ಕೂರಿಸಿದೆವು. ಒಬ್ಬಟ್ಟು, ಹೆಸರುಬೇಳೆ ಕೋಸಂಬರಿ, ಮುದ್ದೆ, ಹುರುಳಿಕಾಳು ಸಾರು. ವಜೀರುನ್ನೀಸಾ ನನ್ನ ಕೈ ನೋಡಿ, "ಏನಕ್ಕಾ, ಅಂಗೈ ತುಂಬಾ ಗುಳ್ಳೆ ಎದ್ದಿದೆ?" ಎಂದಳು. ದ್ರಾಕ್ಷಿ ತೋಟದ ಕೆಲಸ ಎಂದೆ. ಹೊರಡುವಾಗ ಎಲ್ಲರಿಗೂ ಬಾಳೆಹಣ್ಣು, ಬ್ಲೌಸ್ ಪೀಸು ಕೊಟ್ಟು ಕಳುಹಿಸಿದೆವು. ನಮ್ಮೂರಿಗೆ ಬಂದವರು ಬರಿಗೈಲಿ ಹೋದರೆ ನಿನಗಲ್ಲವಾ ಅವಮಾನ.

ನಾವು ಶುಕ್ರವಾರ ಅವರ ಊರಿಗೆ ಹೋದೆವು. ನೀನು ಬರುತ್ತೀಯೆಂದು ಸೇತುವೆ ಮೇಲೆ ಕಾದೆ, ಬರಲಿಲ್ಲ. ತಾಯಿ ಇರುವ ಗುಂಪಿನ ಕೆಲಸಕ್ಕೆ ನೀನು ಬರುವ ಹಾಗಿಲ್ಲ ಎಂದು ಇಂಜಿನಿಯರ್ ಹೇಳಿದ. ಅಲ್ಲಿಯೂ ಅಷ್ಟೇ, ಹೊಳೆ ತೊಳೆದಿಟ್ಟ ಹಾಗಿತ್ತು. ನಾವೂ ಉಂಡು ಬಂದೆವು. ಅವರ ಶ್ಯಾವಿಗೆ ಪಾಯಸ ಎಷ್ಟು ಚೆನ್ನಾಗಿತ್ತೆಂದರೆ ನಮ್ಮ ಸಂಘದ ಶ್ಯಾಮಲಮ್ಮ ಮೂರು ಸಲ ಹಾಕಿಸಿಕೊಂಡಳು.

ನೀನು ಹೇಳಿದ ಉಪಾಯ ಗೆದ್ದಿತಲ್ಲ. ಎರಡೂ ಕಡೆ ಕಸವೇ ಇಲ್ಲ. ಖುಷಿಯಾ?

ಕರುವಿಗೆ ಇನ್ನೂ ಹೆಸರಿಟ್ಟಿಲ್ಲ, ನೀನೇ ಹೇಳು.

ನಿನ್ನ ಅಮ್ಮ


ಗೌರಿಬಿದನೂರು
2 ಆಗಸ್ಟ್ 2025

ಅಮ್ಮ,

ನನಗೆ ತಲೆ ಬುಡ ಅರ್ಥವಾಗುತ್ತಿಲ್ಲ. ಜುಲೈ ಕೊನೆಯ ಮಳೆಗೆ ಹೊಳೆ ಎರಡು ದಿನ ಹರಿಯಿತು. ಮೂರನೆಯ ದಿನ ಊರ ಕೆಳಗಿನ ಚೆಕ್‌ಡ್ಯಾಮಿಗೆ ಹೋಗಿ ನೋಡಿದರೆ ಕಸದ ಗುಡ್ಡ! ಟೊಮೇಟೊ ಸಾಲಿಗೆ ಹಾಸುವ ಪ್ಲಾಸ್ಟಿಕ್ ಮಲ್ಚಿಂಗ್ ಪೇಪರು, ಡ್ರಿಪ್ ಪೈಪು, ಕೊಳೆತ ಸೇವಂತಿಗೆ, ಕೋಳಿ ಪುಕ್ಕದ ಮೂಟೆಗಳು. ಅದರ ನಡುವೆ ಹೋದ ವರ್ಷ ನಮ್ಮೂರಿನ ಗಣೇಶನಿಗೆ ಹಾಕಿದ್ದ ಬ್ಯಾನರು. ಅದರಲ್ಲಿ ಅಪ್ಪನ ಫೋಟೋ ಇತ್ತಲ್ಲ, ಆ ಮುಖ ತೂಬಿಗೆ ಸಿಕ್ಕಿಕೊಂಡು ನನ್ನನ್ನೇ ನೋಡಿ ನಗುತ್ತಿತ್ತು. ಇಂಜಿನಿಯರ್ ಪಕ್ಕದಲ್ಲೇ ನಿಂತಿದ್ದರು. ನಾನು ನೋಡದವಳ ಹಾಗೆ ನಡೆದುಬಿಟ್ಟೆ.

ನಿನ್ನೆ ಸಭೆಯಲ್ಲಿ ಚಿಂತಾಮಣಿಯ ಸದಸ್ಯರೊಬ್ಬರು ಕೇಳಿದರು: "ಏನಮ್ಮಾ, ಮೇಲೆ ಕಸ ಇಲ್ಲ ಅಂತೀರಾ, ಕೆಳಗೆ ಗುಡ್ಡ ಬಿದ್ದದೆ. ಆಕಾಶದಿಂದ ಉದುರ್ತಾ? ಇವ್ರು ಹೋಗಿ ಏನ್ ಮಾಡ್ತಾರೆ, ಊಟ ಮಾಡ್ತಾರಾ?" ಎಲ್ಲರೂ ನಕ್ಕರು. ಶಿಡ್ಲಘಟ್ಟ, ಚಿಂತಾಮಣಿಯ ಜೋಡಿಯದೂ ಸೊನ್ನೆಯೇ. ಸೆಪ್ಟೆಂಬರಿನವರೆಗಿನ ಭೇಟಿಗಳಲ್ಲೂ ಸೊನ್ನೆಯೇ ಬಂದರೆ ಈ ಯೋಜನೆ ನಿಲ್ಲಿಸಿ ಎಂದರು. ನಿಲ್ಲಿಸಿದರೆ ನಾನು ಎಲ್ಲಿ ನಿಲ್ಲುತ್ತೇನೆ ಎಂದು ನಿನಗೆ ಗೊತ್ತು.

ನಿಜ ಹೇಳು. ಅಲ್ಲಿ ಏನು ನಡೆಯುತ್ತಿದೆ?

ಹರಿತಾ


ಮರಳಹುಡ್ಯ
ವರಮಹಾಲಕ್ಷ್ಮಿ ಹಬ್ಬ, 8 ಆಗಸ್ಟ್ 2025

ಹರಿತಾ,

ಹಬ್ಬದ ದಿನ ಕಣ್ಣಲ್ಲಿ ನೀರು ಹಾಕಿಸಿದೆಯಲ್ಲೇ. ಪೊಲೀಸಿನವರು ಕೇಳುವ ಹಾಗೆ ಕೇಳುತ್ತೀಯ. ಏನು ನಡೆಯುತ್ತದೆ? ಮನೆಗೆ ನೆಂಟರು ಬರುತ್ತಾರೆಂದರೆ ಏನು ನಡೆಯುತ್ತದೋ ಅದೇ ನಡೆಯುತ್ತದೆ.

ಅವರು ಬರುವ ಮುಂಚೆ ನಾವೆಲ್ಲ ಸೇರಿ ಹೊಳೆಯನ್ನು ಕ್ಲೀನ್ ಮಾಡುತ್ತೇವೆ. ಜುಲೈನಲ್ಲೂ ಮಾಡಿದೆವು, ಈ ತಿಂಗಳೂ ಮಾಡುತ್ತೇವೆ. ಮಾಡದೆ ಇರಲಾಗುತ್ತದೆಯೇ? ಬೇರೆ ಊರಿನ ಹೆಣ್ಣುಮಕ್ಕಳು ಬಂದು ನಮ್ಮ ಕೋಳಿ ಪುಕ್ಕವನ್ನು ಕೈಯಲ್ಲಿ ಎತ್ತುತ್ತಿದ್ದರೆ ನಾನು ಏರಿ ಮೇಲೆ ನಿಂತು ನೋಡಲಾ? ನಿನ್ನ ಮದುವೆಗೆ ಬೀಗರು ನೋಡಲು ಬರುವ ದಿನ ಹಿತ್ತಲಿನ ತಿಪ್ಪೆಯ ಮೇಲೆ ಸೋಗೆ ಮುಚ್ಚಿಸಿದ್ದೆ. ಯಾರಾದರೂ ತಪ್ಪೆಂದರಾ?

ಕಸವನ್ನು ಎಲ್ಲಿಗೆ ಹಾಕಿದಿರಿ ಎಂದು ಮುಂದೆ ಕೇಳುತ್ತೀಯ, ನನಗೆ ಗೊತ್ತು. ಏರಿಯ ಹಿಂದೆ ಸೀಮೆಜಾಲಿ ಮರೆಯಲ್ಲಿ ಗುಂಡಿ ಇದೆಯಲ್ಲ, ಅಲ್ಲಿಗೆ ನಿಮ್ಮಪ್ಪನ ಟ್ರ್ಯಾಕ್ಟರಿನಲ್ಲಿ ಸುರಿಸಿದೆವು. ರಸ್ತೆಗೆ ಕಾಣುವುದಿಲ್ಲ. ಮಳೆ ಬಂದು ಆ ಗುಂಡಿ ತುಂಬಿ ಹೊಳೆಗೆ ಉಕ್ಕುತ್ತದೆಂದು ಯಾರು ಕಂಡಿದ್ದರು? ಎಷ್ಟು ವರ್ಷದಿಂದ ಅದು ಒಣಗಿಯೇ ಇತ್ತು.

ಹೆಂಗಸರೆಲ್ಲ ಕೂಲಿ ಬಿಟ್ಟು, ಸೊಂಟ ಮುರಿದುಕೊಂಡು ಮಾಡಿದ್ದು ನಿನ್ನ ಹೆಸರು ಉಳಿಯಲಿ ಎಂದು. ಕಸ ಇದ್ದರೆ ಕೊಳಕರು ಎನ್ನುತ್ತಾರೆ, ಇಲ್ಲದಿದ್ದರೆ ಕಳ್ಳರು ಎನ್ನುತ್ತಾರೆ. ನಾವು ಏನು ಮಾಡಬೇಕೋ ಅದನ್ನಾದರೂ ಸರಿಯಾಗಿ ಬರೆದು ಕಳುಹಿಸು.

ಅಮ್ಮ


ಗೌರಿಬಿದನೂರು
19 ಆಗಸ್ಟ್ 2025

ಅಮ್ಮ,

ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. ಇಷ್ಟು ಓದಿದ ನನಗೆ ಇದು ಯಾಕೆ ಹೊಳೆಯಲಿಲ್ಲ? ಜನರನ್ನು ಬೇರೆ ಊರಿಗೆ ಕಳುಹಿಸಿದರೆ ಅವರು ಕೂಲಿಯವರಾಗಿ ಹೋಗುವುದಿಲ್ಲ, ನೆಂಟರಾಗಿ ಹೋಗುತ್ತಾರೆ. ನಕ್ಷೆ ಬರೆದೆ, ದಿನ ಹಾಕಿದೆ, ಇದೊಂದನ್ನು ಬಿಟ್ಟೆ.

ಏನು ಮಾಡಬೇಕೆಂದು ಕೇಳಿದ್ದೀಯ. ಈ ತಿಂಗಳ ಭೇಟಿಯೂ ಸೊನ್ನೆಯಲ್ಲೇ ಮುಗಿಯಿತು, ಇನ್ನು ಏನೂ ಮಾಡಬೇಡ. ಸೆಪ್ಟೆಂಬರ್ ಇಪ್ಪತ್ತಕ್ಕೆ ಅವರು ಬರುವಾಗ ಹೊಳೆ ಹೇಗಿದೆಯೋ ಹಾಗೇ ಇರಲಿ. ಗುಂಡಿಯನ್ನೂ ತೋರಿಸು. ನೋಡಲಿ, ಎತ್ತಲಿ. ಅಳತೆ ಬಂದರೆ ನಾನು ಚಿಂತಾಮಣಿಯಲ್ಲಿ ತಲೆಯೆತ್ತಿ ಮಾತಾಡಬಹುದು. ನಾನೇ ಆಫೀಸಿನಲ್ಲಿ ಇದನ್ನೆಲ್ಲ ಹೇಳಿಬಿಡಬಹುದು. ಹೇಳಿದರೆ ಗುಂಡಿಗೆ ಸುರಿದದ್ದು ನನ್ನ ತಾಯಿ ತಂದೆ ಎಂದೂ ಹೇಳಬೇಕು. ಬಾಯಿ ಬರುತ್ತಿಲ್ಲ.

ಇನ್ನೊಂದು ವಿಷಯ. ನಿನ್ನೆ ವಜೀರುನ್ನೀಸಾ ಅಕ್ಕ ಆಫೀಸಿಗೆ ಬಂದಿದ್ದರು. "ಮೇಡಂ, ನಿಮ್ಮ ಯಜಮಾನ್ರು ಕುವೈತಲ್ಲಿ ಇದ್ದಾರಂತೆ? ನಮ್ಮ ತಮ್ಮ ಫರ್ದೀನ್‌ನೂ ಅಲ್ಲೇ ಇದ್ದಾನೆ, ಒಬ್ಬನೇ ಬೇಜಾರಾಗಿದ್ದಾನೆ. ನಂಬರ್ ಕೊಡಿ, ಇಬ್ರೂ ಮಾತಾಡ್ಕೊಳ್ಳಿ" ಎಂದರು. ಸುನೀಲ್‌ಕುಮಾರ್ ದೊಡ್ಡಬಳ್ಳಾಪುರ ಬಿಟ್ಟು ಎಲ್ಲಿಗೂ ಹೋಗಿಲ್ಲ ಅಮ್ಮ. ಯಾರು ಅವನನ್ನು ಕುವೈತಿಗೆ ಕಳುಹಿಸಿದ್ದು?

ನಾನು ಅವನನ್ನು ಬಿಟ್ಟು ಬಂದು ವರ್ಷವಾಯಿತು. ಬಿಟ್ಟು ಬಂದಿದ್ದೇನೆ ಎಂದು ಹೇಳಲು ನಿನಗೆ ಇಷ್ಟು ಕಷ್ಟವಾ?

ಹರಿತಾ


ಮರಳಹುಡ್ಯ
3 ಸೆಪ್ಟೆಂಬರ್ 2025

ಹರಿತಮ್ಮಾ,

ಕಾಗದ ಹಿಡಿದು ಹತ್ತು ದಿನ ಕೂತೆ. ನಿನ್ನ ಮಾತು ಒಂದು ಸಲ ಸರಿ ಅನ್ನಿಸುತ್ತದೆ, ಒಲೆ ಹತ್ತಿಸಿ ಬರುವಷ್ಟರಲ್ಲಿ ತಪ್ಪು ಅನ್ನಿಸುತ್ತದೆ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಕುವೈತ್ ನನ್ನದೇ. ಏನು ಮಾಡಲಿ ಹೇಳು? ನೀರಿನ ಟ್ಯಾಂಕಿನ ಹತ್ತಿರ ಶ್ಯಾಮಲಮ್ಮ ಎಲ್ಲರ ಮುಂದೆ, "ಏನ್ ಲಕ್ಷ್ಮಕ್ಕ, ಅಳಿಯ ಯುಗಾದಿಗೂ ಬರ್ಲಿಲ್ಲ?" ಎಂದಳು. ಬಾಯಿಗೆ ಬಂದದ್ದು ಕುವೈತ್. ಒಂದು ಸಲಕ್ಕೆ ಮುಗಿಯುತ್ತದೆ ಅಂದುಕೊಂಡೆ. ಎಲ್ಲಿ ಮುಗಿಯುತ್ತದೆ! ಆಮೇಲೆ ಅಲ್ಲಿ ಬಿಸಿಲು ಜಾಸ್ತಿ ಎಂದೆ, ಸಂಬಳ ಏರಿಸಿದರು ಎಂದೆ, ಗೌರಿ ಹಬ್ಬಕ್ಕೆ ರಜೆ ಕೊಡಲಿಲ್ಲ ಎಂದೆ. ಈಗ ಶ್ಯಾಮಲಮ್ಮ ತನ್ನ ಮಗನಿಗೂ ಅಲ್ಲೊಂದು ಕೆಲಸ ನೋಡಿಸು ಎಂದು ದಿನಾ ಬಂದು ಕೂರುತ್ತಾಳೆ.

ಹೊಳೆಯ ಸ್ಥಿತಿ ಕೇಳಬೇಡ. ಗಣೇಶನನ್ನು ಬಿಟ್ಟು ಹೋದ ಮೇಲೆ ಹೂವು, ಥರ್ಮಾಕೋಲು, ಬಾಳೆಕಂದು ಎಲ್ಲ ಅಲ್ಲೇ. ಟೊಮೇಟೊ ಕಿತ್ತವರು ಮಲ್ಚಿಂಗ್ ಪೇಪರನ್ನು ಸುತ್ತಿ ತಂದು ಹಾಕುತ್ತಿದ್ದಾರೆ. ಬಯ್ದರೆ "ಹೆಂಗೂ ನೀವು ತೆಗೀತೀರಲ್ಲಕ್ಕ" ಎನ್ನುತ್ತಾರೆ.

ಇದನ್ನು ವಜೀರುನ್ನೀಸಾ ಕೈಯಲ್ಲಿ ಎತ್ತಿಸಲಾ? ಎತ್ತಿದ ಮೇಲೆ ಅವಳು ನನ್ನ ಮನೆಯಲ್ಲಿ ನೀರು ಕುಡಿಯುತ್ತಾಳಾ? ಊರಿನ ಹೆಂಗಸರು ನನ್ನನ್ನು ಬಿಡುತ್ತಾರಾ? ಕೆಲಸ ನಿನಗೆ ಮುಖ್ಯ, ನನಗೆ ತಿಳಿಯುತ್ತದೆ. ಮಾನವೂ ಮುಖ್ಯ ಕಣೇ. ಇದು ನನ್ನಿಂದ ಆಗದು. ಬೇರೆ ದಾರಿ ಇದ್ದರೆ ಬರೆ.

ಅಮ್ಮ


ಗೌರಿಬಿದನೂರು
10 ಸೆಪ್ಟೆಂಬರ್ 2025

ಸರಿ ಅಮ್ಮ. ನಿನ್ನಿಷ್ಟ.

ಹರಿತಾ


ಮರಳಹುಡ್ಯ
24 ಸೆಪ್ಟೆಂಬರ್ 2025

ಹರಿತಾ, ನನ್ನ ತಾಯಿ,

ಇಷ್ಟುದ್ದದ ಕವರಿನಲ್ಲಿ ಎರಡು ಮಾತು ಕಳುಹಿಸಿದೆಯಲ್ಲ. ಹಿಂದೆ ತಿರುಗಿಸಿ ನೋಡಿದೆ, ಇನ್ನೇನಾದರೂ ಬರೆದಿದ್ದೀಯಾ ಎಂದು. ನೀನು ಮಾತು ಬಂದಾಗಿನಿಂದ ನನ್ನ ಹತ್ತಿರ ಜಗಳವಾಡದೆ ಬಿಟ್ಟವಳಲ್ಲ. ಒಂದೇ ಒಂದು ಸಲ ಬಿಟ್ಟಿದ್ದೆ. ಸುನೀಲನ ಕಡೆಯವರು ಒಪ್ಪಿದ ಸಂಜೆ, ಹೂ ಕಟ್ಟುತ್ತ ಕೂತಿದ್ದೆ ನೀನು. ಏನಂತೀಯ ಎಂದು ಕೇಳಿದ್ದಕ್ಕೆ, "ಸರಿ ಅಮ್ಮ, ನಿನ್ನಿಷ್ಟ" ಎಂದಿದ್ದೆ. ಅವತ್ತು ನಾನು ಅದನ್ನು ಒಪ್ಪಿಗೆ ಎಂದುಕೊಂಡು ಊರಿಗೆಲ್ಲ ಸಕ್ಕರೆ ಹಂಚಿದೆ. ಈ ಸಲ ಅನ್ನ ಇಳಿಯಲಿಲ್ಲ.

ಇಪ್ಪತ್ತನೇ ತಾರೀಕಿನ ಹಿಂದಿನ ದಿನ ಹೆಂಗಸರೆಲ್ಲ ಎಂದಿನಂತೆ ಮಂಕರಿ ಹಿಡಿದು ಬಂದರು. ಇವತ್ತು ಬೇಡ, ಮನೆಗೆ ಹೋಗಿ ಎಂದೆ. "ಏಮಯ್ಯಿಂದಮ್ಮಾ, ಏನಾಯ್ತು ನಿನಗೆ? ನಾಳೆ ನೆಂಟ್ರು ಬರ್ತಾರೆ, ಮರ್ಯಾದೆ ಬೇಡ್ವಾ?" ಎಂದು ಶ್ಯಾಮಲಮ್ಮ ಕೂಗಾಡಿದಳು. ನಾನು ಮಂಕರಿಗಳನ್ನೆಲ್ಲ ತೆಗೆದುಕೊಂಡು ನಮ್ಮ ಮನೆ ಒಳಗೆ ಹಾಕಿ ಬೀಗ ಹಾಕಿದೆ. ಬೈದುಕೊಂಡೇ ಹೋದರು.

ಟೆಂಪೋ ಬಂತು. ವಜೀರುನ್ನೀಸಾ ಸೇತುವೆ ಮೇಲೆ ಇಳಿದು ಕೆಳಗೆ ನೋಡಿದಳು. ನೆಲ ಬಾಯಿ ಬಿಟ್ಟಿದ್ದರೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅಬ್ಬಾ, ಅಂತೂ ಕೆಲ್ಸ ಸಿಕ್ತು ಅಕ್ಕಾ! ಬಂದು ಬಂದು ಊಟ ಮಾಡ್ಕೊಂಡು ಹೋಗೋಕೆ ನಮ್ಗೇ ನಾಚಿಕೆ ಆಗಿತ್ತು" ಎಂದಳು. ಆಮೇಲೆ ಮೆಲ್ಲಗೆ, "ನೀವು ನಮ್ಮೂರಿಗೆ ಬರೋ ಮುಂಚೆ ನಾವೂ ತೊಳ್ದಿಡ್ತಾ ಇದ್ವಿ. ಯಾರ್ಗೂ ಹೇಳ್ಬೇಡಿ" ಎಂದಳು. ನೋಡು, ಅವರೂ ಅಷ್ಟೇ!

ನಾನು ಗುಂಡಿಯನ್ನೂ ತೋರಿಸಿದೆ. ಮರಳಿನಲ್ಲಿ ಹೂತಿದ್ದ ಒಂದು ಉದ್ದನೆಯ ಮಲ್ಚಿಂಗ್ ಪೇಪರನ್ನು ಆ ತುದಿ ಅವಳು, ಈ ತುದಿ ನಾನು ಹಿಡಿದು ಎಳೆಯುತ್ತಿದ್ದೆವು. ಶ್ಯಾಮಲಮ್ಮನೂ ಮನಸ್ಸು ತಡೆಯದೆ ಬಂದು ನಡುವೆ ಕೈ ಹಾಕಿದ್ದಳು. ಆಗ ವಜೀರುನ್ನೀಸಾ, "ಅಕ್ಕಾ, ಅಳಿಯಂದ್ರ ಕುವೈತ್ ನಂಬರ್ ಮೇಡಂ ಕೊಡ್ಲೇ ಇಲ್ಲ, ನೀವಾದ್ರೂ ಕೊಡಿ" ಎಂದಳು.

ಹರಿತಾ, ನನ್ನ ಬಾಯಲ್ಲಿ ಒಂದು ಸುಳ್ಳು ಸಿದ್ಧವಾಗಿತ್ತು, ಸಿಮ್ಮು ಬದಲಾಯಿಸಿದ್ದಾರೆ ಎಂದು. ಕೈಯಲ್ಲೆಲ್ಲ ಕೊಚ್ಚೆ, ಇಡೀ ಊರಿನ ಗಲೀಜು ಕಾಲ ಹತ್ತಿರ ಬಿದ್ದಿದೆ, ಇನ್ನು ಯಾವ ಮಾನ ಉಳಿಸಿಕೊಳ್ಳಲು ಎಂದು ಅನ್ನಿಸಿತೋ ಏನೋ. "ಅಳಿಯ ಕುವೈತಲ್ಲಿಲ್ಲಮ್ಮ. ಯಾವತ್ತೂ ಹೋಗಿರ್ಲಿಲ್ಲ. ನನ್ನ ಮಗಳು ಅವನನ್ನ ಬಿಟ್ಟು ಬಂದವಳೆ, ಬಿಟ್ಟಿದ್ದು ಒಳ್ಳೇದೇ ಆಯ್ತು" ಎಂದುಬಿಟ್ಟೆ.

ಆಕಾಶ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ವಜೀರುನ್ನೀಸಾ, "ಹೌದಾ ಅಕ್ಕಾ" ಎಂದಳು. ಆಮೇಲೆ, "ಆ ಕಡೆ ಗಟ್ಟಿ ಹಿಡ್ಕೊಳ್ಳಿ, ಹರಿದ್ಹೋಗ್ತದೆ" ಎಂದಳು. ಶ್ಯಾಮಲಮ್ಮ ಅಯ್ಯೋ ಎಂದು ಒಂದು ಸಲ ನನ್ನ ಮುಖ ನೋಡಿದಳು. "ಹಂಗಾದ್ರೆ ನಮ್ಮ ಹುಡ್ಗನಿಗೆ ಕುವೈತಲ್ಲಿ ಕೆಲ್ಸ ಇಲ್ವಾ?" ಎಂದು ಕೇಳಿದಳು. ಅಷ್ಟೇ. ಮೂವರೂ ಎಳೆದೆವು. ಇಷ್ಟೇನಾ ಇದು? ಒಂದು ವರ್ಷ ನಾನು ನಿದ್ದೆಗೆಟ್ಟಿದ್ದು ಇಷ್ಟಕ್ಕಾ? ನನಗೆ ಈಗಲೂ ಒಂದೂ ಅರ್ಥವಾಗುತ್ತಿಲ್ಲ. ಹಾಗಾದರೆ ನಾನು ಯಾರಿಗೆ ಹೆದರುತ್ತಿದ್ದೆ, ಹೇಳು.

ನಿಮ್ಮಪ್ಪ ಸಂಜೆಯವರೆಗೂ ಟ್ರ್ಯಾಕ್ಟರಿನಲ್ಲಿ ತಾಲ್ಲೂಕಿನ ಕಸದ ಯಾರ್ಡಿಗೆ ಕಸ ಹೊಡೆದರು. ಹೊಳೆಗೆ ಸುರಿದರೂ ಅಳೆದು ಸುರಿ ಎನ್ನುತ್ತಾರಲ್ಲ, ಇಂಜಿನಿಯರ್ ಹೊಳೆಯಿಂದ ತೆಗೆದದ್ದನ್ನೂ ಅಳೆದ. ಬರೆದು ಬರೆದು ಅವನ ಕೈ ಸೋತಿತು. ಗುಂಡಿಗೆ ಸುರಿದದ್ದು ನಾವೇ ಎಂದು ನಾನೇ ಹೇಳಿದ್ದೇನೆ, ನೀನು ಹೇಳುವ ಕೆಲಸವಿಲ್ಲ. ಊಟಕ್ಕೆ ಮಾತ್ರ ಅವತ್ತು ಒಬ್ಬಟ್ಟು ಆಗಲಿಲ್ಲ. ಎಲ್ಲರೂ ಏರಿ ಮೇಲೆ ಕೂತು ಚಿತ್ರಾನ್ನ ತಿಂದೆವು. ವಜೀರುನ್ನೀಸಾ ನಮ್ಮ ಮನೆಯಲ್ಲೇ ಕೈಕಾಲು ತೊಳೆದು ಎರಡು ಚೊಂಬು ನೀರು ಕುಡಿದಳು.

ಚಿಂತಾಮಣಿಯಲ್ಲಿ ಏನಾಗುತ್ತದೋ ನನಗೆ ತಿಳಿಯದು. ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಬಾಡಿಗೆ ಮನೆ ಖಾಲಿ ಮಾಡಿಕೊಂಡು ಬಾ. ಸುನೀಲನ ಮನೆಗಲ್ಲ, ಇಲ್ಲಿಗೆ, ನಮ್ಮ ಮನೆಗೆ. ನಿಮ್ಮಪ್ಪನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಆಯುಧಪೂಜೆಗಂತೂ ಬರಲೇಬೇಕು. ಯಾರಾದರೂ ನೋಡಿ ಕೇಳುತ್ತಾರೆಂದು ನಿನ್ನನ್ನು ಕತ್ತಲಾದ ಮೇಲಿನ ಬಸ್ಸಿಗೆ ಬರಹೇಳುತ್ತಿದ್ದೆ, ಬೆಳಕು ಹರಿಯುವ ಮುಂಚೆ ಎಬ್ಬಿಸಿ ಕಳುಹಿಸುತ್ತಿದ್ದೆ. ಈ ಸಲ ಹಗಲು ಬಸ್ಸಿಗೆ ಬಾ. ಆ ಹೊತ್ತಿಗೆ ಅರಳಿಕಟ್ಟೆಯ ಮೇಲೆ ಊರೆಲ್ಲ ಕೂತಿರುತ್ತದೆ. ಅಲ್ಲೇ ಇಳಿ. ನಾನು ಬಂದು ನಿಂತಿರುತ್ತೇನೆ.

ನಿನ್ನ ಅಮ್ಮ